ಮನಿಲಾದಿಂದ ಮಿಯಗಾವ್‌ಗೆ ಬಸ್ಸು, ಹಡಗು ಹಿಡಿದು ಹೋಗುವುದು ಹೇಗೆ

ಫಿಲಿಪೀನ್ಸಿನ ರಾಜಧಾನಿ ಮನಿಲಾದಿಂದ ನನ್ನ ಊರು ಮಿಯಗಾವ್ ಹತ್ತಿರದ ಇಲೊಯ್ಲೊ ನಗರಕ್ಕೆ ವಿಮಾನದಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಬಸ್ಸು, ಹಡಗು, ವ್ಯಾನು ಅಂತ ಹೋದರೆ ಇಡೀ ಒಂದು ದಿನ ಹಿಡಿಯುತ್ತದೆ, ಅದರ ಮೇಲೂ ಕೆಲವು ಗಂಟೆ. ರಜೆ ಸಾಕಷ್ಟಿದ್ದರೆ ಹೋಗುವಾಗ ಈ ಎರಡನೆಯ ದಾರಿ ಹಿಡಿಯಿರಿ, ವಾಪಸು ಬರುವಾಗ ಬೇಕಾದರೆ ವಿಮಾನ ಹತ್ತಿ ಅನ್ನುವುದು ನನ್ನ ಸಲಹೆ.

ನಾನು ಮನಿಲಾ ಮಹಾನಗರದ ಮಕಾಟಿಯ ಕಚೇರಿಯೊಂದರಲ್ಲಿ ಕೆಲಸ ಮಾಡುವವಳು. ಊರು ಪನಾಯ್ ದ್ವೀಪದ ದಕ್ಷಿಣ ಕರಾವಳಿಯ ಮಿಯಗಾವ್, ಇಲೊಯ್ಲೊ ನಗರದಿಂದ 40 ಕಿಲೋಮೀಟರ್. ಬತಾನೆಸ್‌ನ ಹುಲ್ಲುಗುಡ್ಡಗಳನ್ನು ನೋಡಿದ್ದೇನೆ, ಇಫುಗಾವ್‌ನ ಮೆಟ್ಟಿಲು ಗದ್ದೆಗಳ ಬದುವಿನ ಮೇಲೆ ನಡೆದಿದ್ದೇನೆ. ಅವು ಬಹಳ ಚೆಂದ. ಆದರೆ ನನಗೆ ತೀರಾ ಹತ್ತಿರವಾದ ಜಾಗಗಳು ಊರಿನ ದಾರಿಯಲ್ಲೇ ಸಿಕ್ಕಿದವು. ಹೋಗುತ್ತಾ ಬರುತ್ತಾ ಅವೇ ಕಾಣುವುದರಿಂದ, ಅವು ಬದಲಾಗುವುದೂ ಕಾಣುತ್ತದೆ. ಪ್ರವಾಸಕ್ಕೆಂದು ಹೋದ ಜಾಗದ ಜೊತೆ ಅಂಥ ಬಳಕೆ ಬೆಳೆಯುವುದಿಲ್ಲ.

ಈ ದಾರಿಗೆ ಸರ್ಕಾರಿ ಹೆಸರು ನಾಟಿಕಲ್ ಹೈವೇ. 2003ರಲ್ಲಿ, ಗ್ಲೋರಿಯಾ ಮಕಪಗಾಲ್ ಅರೊಯೊ ಅಧ್ಯಕ್ಷೆಯಾಗಿದ್ದಾಗ ಶುರುವಾದದ್ದು. ಬಸ್ಸು, ಲಾರಿಗಳು ಹಡಗಿನ ಹೊಟ್ಟೆಯೊಳಗೇ ನುಗ್ಗಿ ಆಚೆ ದ್ವೀಪದಲ್ಲಿ ಇಳಿದು ಮುಂದೆ ಓಡುತ್ತವೆ. ಜನ ಇದನ್ನು ರೋರೋ ಅನ್ನುತ್ತಾರೆ. ನೀವು ಕೇಳುವಾಗಲೂ ಹಾಗೇ ಕೇಳಿ.

ಯಾವಾಗ ಹೊರಡಬೇಕು

ಫೆಬ್ರುವರಿ ನನ್ನ ಆಯ್ಕೆ. ಕ್ರಿಸ್ಮಸ್ ನೂಕುನುಗ್ಗಲು ಮುಗಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಮಾರ್ಚ್‌ನಿಂದ ಮೇ ತನಕ ಒಣಹವೆಯೇ ಆದರೂ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಬಂದರುಗಳು ತುಂಬಿ ತುಳುಕುತ್ತವೆ. ಆ ಗುರುವಾರ ಮತ್ತು ಶುಕ್ರವಾರಗಳಂದು ಪ್ರಯಾಣ ಇಟ್ಟುಕೊಳ್ಳಬೇಡಿ. ನವೆಂಬರ್ 1ರ ಆಸುಪಾಸೂ ಅಷ್ಟೇ, ದೇಶದ ಅರ್ಧ ಜನ ಹಿರಿಯರ ಗೋರಿಗೆ ಮೇಣದಬತ್ತಿ ಹಚ್ಚಲು ಊರಿಗೆ ಹೊರಟಿರುತ್ತಾರೆ.

ಜೂನ್ ಬಂತೆಂದರೆ ಹಬಾಗಾತ್, ಅಂದರೆ ನೈಋತ್ಯ ಮಾರುತ. ಒಂದು ವರ್ಷದಲ್ಲಿ ನಮ್ಮ ವಲಯಕ್ಕೆ ಸುಮಾರು 20 ಚಂಡಮಾರುತಗಳು ಬರುತ್ತವೆ. ಹವಾಮಾನ ಸಂಸ್ಥೆ ಪಗಾಸಾ ನಿಮ್ಮ ದಾರಿಯಲ್ಲಿ ಚಂಡಮಾರುತದ 1ನೇ ಸಂಕೇತ, ಅಂದರೆ ಅತಿ ಕೆಳಗಿನ ಮಟ್ಟದ ಎಚ್ಚರಿಕೆ, ಏರಿಸಿತೆಂದರೂ ಸಾಕು, ಕರಾವಳಿ ಪಡೆ ಹಡಗುಗಳನ್ನು ಬಿಡುವುದಿಲ್ಲ. ಬಂದರಿನ ಬೆಂಚಿನ ಮೇಲೆ ರಾತ್ರಿ ಕಳೆಯುವುದೇ ಗತಿ. ಹಾಗಾಗಿ ಮಳೆಗಾಲದಲ್ಲಿ ಹೊರಡುವವರು ಎರಡು ದಿನ ಹೆಚ್ಚಿಗೆ ಕೈಯಲ್ಲಿಟ್ಟುಕೊಳ್ಳಿ. ಹಡಗು ನಿಲ್ಲಿಸಿದ ಸಿಬ್ಬಂದಿಯ ಮೇಲೆ ರೇಗಬೇಡಿ. ಅವರು ಯಾಕೆ ಅಷ್ಟು ಕಟ್ಟುನಿಟ್ಟು ಎಂದು ಮುಂದೆ ಹೇಳುತ್ತೇನೆ.

ಟಿಕೆಟ್ಟು

ಮನಿಲಾ ಮಹಾನಗರದ ಕುಬಾವ್‌ನಿಂದ ಇಲೊಯ್ಲೊಗೆ ಸೀದಾ ಬಸ್ಸುಗಳಿವೆ. ಒಂದೇ ಬಸ್ಸು, ಸಾಮಾನು ಹೊತ್ತು ಇಳಿಯುವ ಹತ್ತುವ ಕಷ್ಟವಿಲ್ಲ. ವಯಸ್ಸಾದವರು, ಚಿಕ್ಕ ಮಕ್ಕಳಿರುವವರು ಅದನ್ನೇ ಹಿಡಿಯಲಿ. ಉಳಿದವರು ಬಿಡಿಬಿಡಿಯಾಗಿ ಹೋಗಿ. ಇಷ್ಟವಾದ ಕಡೆ ನಿಲ್ಲಬಹುದು, ತಪ್ಪಿದ ಹಡಗಿನ ಬದಲು ಮುಂದಿನದು ಹತ್ತಬಹುದು.

ಒಂದು ಎಚ್ಚರಿಕೆ: ಈ ದಾರಿಯಲ್ಲಿ ರೊಹಾಸ್ ಹೆಸರಿನ ಊರು ಎರಡಿವೆ. ನಿಮಗೆ ಬೇಕಾದದ್ದು ಮಿಂಡೊರೊ ದ್ವೀಪದ ರೊಹಾಸ್, ಅಲ್ಲಿಂದಲೇ ಪನಾಯ್‌ಗೆ ಹಡಗು. ಇನ್ನೊಂದು ಪನಾಯ್‌ನಲ್ಲೇ ಇರುವ ಕಾಪಿಸ್ ಪ್ರಾಂತ್ಯದ ರೊಹಾಸ್ ನಗರ. ಕೌಂಟರಿನಲ್ಲಿ ಬರೀ ರೊಹಾಸ್ ಅನ್ನಬೇಡಿ, ಮಿಂಡೊರೊ ಎಂದೂ ಸೇರಿಸಿ.

ಗುರುತಿನ ಚೀಟಿ ಕೈಗೆ ಸಿಗುವ ಹಾಗಿರಲಿ. ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ ಕಾನೂನಿನ ಪ್ರಕಾರ 20 ಶೇಕಡ ರಿಯಾಯಿತಿ ಇದೆ, ಆದರೆ ನೀವೇ ಚೀಟಿ ತೋರಿಸಿ ಕೇಳಬೇಕು. ಟಿಕೆಟ್ಟಲ್ಲದೆ ಪ್ರತಿ ಬಂದರಿನಲ್ಲೂ ಟರ್ಮಿನಲ್ ಶುಲ್ಕ ಬೇರೆ. ಇಪ್ಪತ್ತು, ಐವತ್ತು ಪೆಸೊ ಚಿಲ್ಲರೆ ಬೇಕಾದಷ್ಟಿರಲಿ.

ಬತಾಂಗಾಸ್, ಆಮೇಲೆ ಮಿಂಡೊರೊ

ಬೆಳಗಿನ ಜಾವ ನಾಲ್ಕಕ್ಕೇ ಹೊರಡಿ. ಕುಬಾವ್‌ನಲ್ಲಾಗಲಿ, ಬುವೆಂದಿಯಾದಲ್ಲಾಗಲಿ ಬಸ್ಸಿನ ಮುಂದಿನ ಗಾಜಿನಲ್ಲಿ ‘ಬತಾಂಗಾಸ್ ಪಿಯರ್’, ಅಂದರೆ ಬತಾಂಗಾಸ್ ಬಂದರು, ಎಂಬ ಬೋರ್ಡು ಇದೆಯೇ ನೋಡಿ ಹತ್ತಿ. ಪಿಯರ್ ಅನ್ನದ ಬಸ್ಸು ನಿಮ್ಮನ್ನು ಪೇಟೆಯಲ್ಲೇ ಇಳಿಸಿಬಿಡಬಹುದು. ರಸ್ತೆ ಖಾಲಿಯಿದ್ದರೆ ಎರಡು ಗಂಟೆಯ ದಾರಿ. ಹಡಗಿಗೆ ಸಮಯವಿದ್ದರೆ ಒಂದು ಬಟ್ಟಲು ಲೋಮಿ ತಿನ್ನಿ. ದಪ್ಪ ನೂಡಲ್ಸಿನ, ಗಂಜಿಯಷ್ಟೇ ಮಂದವಾದ ಈ ಸಾರು ಬತಾಂಗಾಸಿನದೇ. ಅಮ್ಮನಿಗೆ ಕೊಡಲು ಕಾಲು ಕಿಲೋ ಬಾರಾಕೊ ಕಾಫಿಪುಡಿಯನ್ನೂ ಇಲ್ಲೇ ಕೊಳ್ಳುತ್ತೇನೆ.

ಹಂದಿಮಾಂಸದ ಯಾವುದನ್ನೂ ಒಯ್ಯಬೇಡಿ. 2019ರಲ್ಲಿ ಆಫ್ರಿಕನ್ ಹಂದಿಜ್ವರ ದೇಶಕ್ಕೆ ಬಂದ ಮೇಲೆ ದ್ವೀಪದಿಂದ ದ್ವೀಪಕ್ಕೆ ಮಾಂಸ ಒಯ್ಯುವವರನ್ನು ಬಂದರುಗಳಲ್ಲಿ ತಪಾಸಣೆ ಮಾಡುತ್ತಾರೆ. ಪ್ರೀತಿಯಿಂದ ಕಟ್ಟಿಸಿಕೊಂಡು ಬಂದ ಲೊಂಗನಿಸಾ ಸಾಸೇಜು ಕಸದ ಬುಟ್ಟಿ ಸೇರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಿಂಡೊರೊ ದ್ವೀಪದ ಕಲಾಪಾನ್‌ಗೆ ದೊಡ್ಡ ಹಡಗಿನಲ್ಲಿ ಎರಡೂವರೆ ಗಂಟೆಯ ಆಸುಪಾಸು, ವೇಗದ ದೋಣಿಯಲ್ಲಿ ಅದರರ್ಧ. ದೊಡ್ಡದನ್ನೇ ಹತ್ತಿ, ಒಳಗೆ ಏಸಿಯಲ್ಲಿ ಕೂರದೆ ಮೇಲಿನ ಡೆಕ್ಕಿಗೆ ಹೋಗಿ. ನೀವು ದಾಟುತ್ತಿರುವುದು ವೆರ್ದೆ ದ್ವೀಪದ ಜಲಸಂಧಿ. ಕರಾವಳಿ ಮೀನುಗಳ ಜಾತಿ ಇಷ್ಟೊಂದು ಒತ್ತೊತ್ತಾಗಿರುವ ಇನ್ನೊಂದು ಸಮುದ್ರ ಭೂಮಿಯ ಮೇಲಿಲ್ಲ ಎಂದು ವಿಜ್ಞಾನಿಗಳು 2005ರಲ್ಲಿ ಬರೆದರು. 2023ರ ಫೆಬ್ರುವರಿ ಕೊನೆಯಲ್ಲಿ ನವುಹಾನ್ ಹತ್ತಿರ ತೈಲದ ಹಡಗೊಂದು ಮುಳುಗಿ ಎಣ್ಣೆ ಹರಡಿದಾಗ ಈ ಕರಾವಳಿಯ ಮೀನುಗಾರರು ಬಲೆ ಮಡಚಿಟ್ಟು ಕೂರಬೇಕಾಯಿತು. ಆಮೇಲೆ ಇಲ್ಲಿ ದಾಟುವಾಗಲೆಲ್ಲ ನನ್ನ ಕಣ್ಣು ಮೊದಲು ನೀರಿನ ಬಣ್ಣ ನೋಡುತ್ತದೆ. ಬೆಳಗ್ಗೆ ಮೋಡವಿಲ್ಲದಿದ್ದರೆ ಎದುರಿಗೆ ಹಾಲ್ಕನ್ ಪರ್ವತ ಕಾಣುತ್ತದೆ. ಎರಡೂವರೆ ಸಾವಿರ ಮೀಟರಿಗೂ ಎತ್ತರ.

ಕಲಾಪಾನ್ ಬಂದರಿನ ಹೊರಗೇ ವ್ಯಾನುಗಳು ನಿಂತಿರುತ್ತವೆ. ರೊಹಾಸ್‌ಗೆ ಸುಮಾರು ಮೂರು ಗಂಟೆ. ಕಾಲು ಉದ್ದವಿರುವವರು ಡ್ರೈವರ್ ಪಕ್ಕದ ಸೀಟು ಕೇಳಿ ಪಡೆಯಿರಿ, ಹಿಂದಿನ ಸಾಲಿನಲ್ಲಿ ನಾಲ್ಕು ಜನರನ್ನು ಒತ್ತಿ ಕೂರಿಸುತ್ತಾರೆ. ದಾರಿಯುದ್ದಕ್ಕೂ ಗದ್ದೆ, ತೆಂಗು, ಬಾಳೆ. ಮಿಂಡೊರೊ ಕಲಮನ್ಸಿಗೆ, ಅಂದರೆ ಪುಟ್ಟ ನಿಂಬೆಯಂಥ ಹುಳಿಹಣ್ಣಿಗೆ, ಹೆಸರುವಾಸಿ. ಎಲ್ಲಾದರೂ ನಿಂತರೆ ಒಂದು ಚೀಲ ಕೊಳ್ಳಿ, ಮನಿಲಾದಲ್ಲಿ ಇಷ್ಟು ರಸವಿರುವುದು ಸಿಗುವುದಿಲ್ಲ. ಬೆಟ್ಟದ ಮಂಗ್ಯಾನ್ ಜನ ಬುಟ್ಟಿ ಮಾರಲು ತಂದಿದ್ದರೆ ಚೌಕಾಸಿ ಮಾಡದೆ ಕೊಂಡುಕೊಳ್ಳಿ.

ರಾತ್ರಿಯ ಹಡಗು

ರೊಹಾಸ್‌ನ ದಂಗಾಯ್ ಬಂದರಿನಿಂದ ಪನಾಯ್ ದ್ವೀಪದ ಕಾಟಿಕ್ಲಾನ್‌ಗೆ ನಾಲ್ಕು ಗಂಟೆ. ಸಂಜೆಯೇ ಹಡಗು ಸಿಕ್ಕಿದರೂ ಹತ್ತಬೇಡಿ, ನಡುರಾತ್ರಿಯ ನಂತರದ್ದನ್ನು ಹಿಡಿಯಿರಿ. ಬೆಳಕು ಹರಿಯುವ ಹೊತ್ತಿಗೆ ಆಚೆ ದಡದಲ್ಲಿರುತ್ತೀರಿ, ನಡುರಾತ್ರಿಯಲ್ಲಿ ವಸತಿ ಹುಡುಕುವ ಪಾಡು ತಪ್ಪುತ್ತದೆ.

ಇಲ್ಲಿ ಒಂದು ವಿಷಯದಲ್ಲಿ ರಾಜಿ ಬೇಡ. ಪ್ರಯಾಣಿಕರ ಪಟ್ಟಿಯಲ್ಲಿ ನಿಮ್ಮ ಹೆಸರು, ವಯಸ್ಸು ಬರೆದಿದ್ದಾರೆಯೇ ನೋಡಿಯೇ ಹತ್ತಿ. ಕೈಬರಹದ ಫಾರಂ ಆದರೆ ಅಕ್ಷರ ಬಿಡಿಸಿ ಬರೆಯಿರಿ, ಮನೆಯವರ ಫೋನ್ ನಂಬರ್ ಸರಿಯಾಗಿ ಕೊಡಿ. ನೀವು ದಾಟುವುದು ತಬ್ಲಾಸ್ ಜಲಸಂಧಿ. 1987ರ ಡಿಸೆಂಬರ್ 20ರ ರಾತ್ರಿ, ಕ್ರಿಸ್ಮಸ್ಸಿಗೆ ಮನಿಲಾಗೆ ಹೊರಟಿದ್ದವರನ್ನು ತುಂಬಿಕೊಂಡಿದ್ದ ಡೋನ್ಯಾ ಪಾಸ್ ಹಡಗು ಇದೇ ನೀರಿನಲ್ಲಿ ತೈಲದ ಹಡಗಿಗೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಸತ್ತವರು ನಾಲ್ಕು ಸಾವಿರಕ್ಕೂ ಹೆಚ್ಚು, ಪಟ್ಟಿಯಲ್ಲಿದ್ದ ಹೆಸರುಗಳು ಸುಮಾರು ಒಂದೂವರೆ ಸಾವಿರ. ಉಳಿದವರು ಆ ಹಡಗಿನಲ್ಲಿದ್ದರೆಂದು ತೋರಿಸಲು ಮನೆಯವರ ಬಳಿ ಒಂದು ಕಾಗದವೂ ಇರಲಿಲ್ಲ. ಈ ಸಾಲಿನಲ್ಲಿ ನಿಂತು ಹೆಸರು ಬರೆಸುವ ಹತ್ತು ನಿಮಿಷವನ್ನು ಯಾರೂ ದಂಡ ಅಂದುಕೊಳ್ಳಬಾರದು.

ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿಟ್ಟಿದ್ದಾರೆ, ಮೆಟ್ಟಿಲು ಯಾವ ಕಡೆ ಎಂದು ನೋಡಿಕೊಳ್ಳಿ. ಆಮೇಲೆ ಮಲಗುವ ಜಾಗ. ಸಾಮಾನ್ಯವಾಗಿ ಎರಡಂತಸ್ತಿನ ಮಂಚಗಳ ಸಾಲಿರುತ್ತದೆ. ಕೆಳಗಿನದು ಹಿಡಿಯಿರಿ, ಅಲೆ ಎದ್ದಾಗ ಮೇಲಿನದು ಹೆಚ್ಚು ತೂಗುತ್ತದೆ. ಏಸಿ ಕೋಣೆ ಕೊರೆಯುವಷ್ಟು ತಣ್ಣಗಿರುತ್ತದೆ, ಜಾಕೆಟ್ಟೋ ಹೊದಿಕೆಯೋ ಬೇಕೇ ಬೇಕು. ಹೊಟ್ಟೆ ತೊಳಸುವವರು ಹೊರಡುವ ಮುಂಚೆಯೇ ಮಾತ್ರೆ ನುಂಗಿ, ವಾಂತಿ ಶುರುವಾದ ಮೇಲೆ ನುಂಗಿ ಉಪಯೋಗವಿಲ್ಲ. ಕ್ಯಾಂಟೀನಿನಲ್ಲಿ ಕಪ್ ನೂಡಲ್ಸಿಗೆ ಬಿಸಿನೀರು ಹುಯ್ದು ಕೊಡುತ್ತಾರೆ. ರಾತ್ರಿ ಎರಡಕ್ಕೆ ಆ ಬಿಸಿ ಉಪ್ಪು ಸಾರಿನಷ್ಟು ಹಿತವಾದದ್ದು ನನಗೆ ಬೇರೆ ಗೊತ್ತಿಲ್ಲ.

ಸುತ್ತಲಿನ ಜನರನ್ನೂ ನೋಡಿ. ಹಗ್ಗ ಸುತ್ತಿದ ರಟ್ಟಿನ ಪೆಟ್ಟಿಗೆಯ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಊರಿನ ಹೆಸರು ಬರೆದುಕೊಂಡು ಬಂದ ಕಟ್ಟಡ ಕೆಲಸದವರು, ಮಗುವನ್ನು ಅಜ್ಜಿಗೆ ಒಪ್ಪಿಸಲು ಹೊರಟ ತಾಯಿ, ದುಬೈಯಿಂದ ಇಳಿದು ನೇರ ಇಲ್ಲಿಗೇ ಬಂದವರು. ಎಲ್ಲಿಗೆ ಅಂತ ಒಂದು ಮಾತು ಕೇಳಿದರೆ ಸಾಕು. ಊರು ಬಿಟ್ಟು ದುಡಿಯುವುದೆಂದರೆ ಏನು ಎನ್ನುವುದನ್ನು ನಾನು ಕಚೇರಿಯಲ್ಲಿ ಕೂತು ಅಲ್ಲ, ಈ ಮಂಚಗಳ ನಡುವೆ ಕೂತು ಅರ್ಥ ಮಾಡಿಕೊಂಡೆ.

ಆಂಟಿಕೆ ಕರಾವಳಿ

ಕಾಟಿಕ್ಲಾನ್‌ನಲ್ಲಿ ಇಳಿದ ಕೂಡಲೇ ಬೊರಾಕಾಯ್ ದ್ವೀಪಕ್ಕೆ ದೋಣಿಯಿದೆ ಎಂದು ಕೂಗುತ್ತಾರೆ. ಹತ್ತು ಹದಿನೈದು ನಿಮಿಷದ ದಾರಿ. ನೋಡದವರು ಒಂದು ರಾತ್ರಿ ಇದ್ದು ಬನ್ನಿ. 2018ರಲ್ಲಿ ಆರು ತಿಂಗಳು ಮುಚ್ಚಿ ಶುಚಿ ಮಾಡಿದ ಮೇಲೆ ಆ ಬಿಳಿ ಮರಳಿನ ದಂಡೆ ಮತ್ತೆ ಉಸಿರಾಡುವಂತಾಗಿದೆ. ನಾನು ಮಾತ್ರ ನಿಲ್ಲುವುದಿಲ್ಲ.

ಇಲ್ಲಿಂದ ಇಲೊಯ್ಲೊ ಕಡೆಗೆ ಎರಡು ದಾರಿ. ನಾಬಾಸ್ ದಾಟಿದರೆ ಒಂದು ಕಾಲಿಬೊ ಮೇಲೆ ದ್ವೀಪದ ಒಳಗಿಂದ ಹೋಗುತ್ತದೆ, ಇನ್ನೊಂದು ಪಂದಾನ್ ಕಡೆ ತಿರುಗಿ ಆಂಟಿಕೆ ಪ್ರಾಂತ್ಯದ ಕಡಲಂಚಿನಲ್ಲಿ ಇಳಿಯುತ್ತದೆ. ಹೆಚ್ಚಿನವರು ಮೊದಲನೆಯದನ್ನು ಹಿಡಿಯುತ್ತಾರೆ. ನೀವು ಎರಡನೆಯದನ್ನು ಹಿಡಿಯಿರಿ. ಬಸ್ಸಿನ ಬಲಗಡೆ ಕಿಟಕಿ ಪಕ್ಕ ಕೂತರೆ ಗಂಟೆಗಟ್ಟಲೆ ಸಮುದ್ರ, ಎಡಗಡೆ ಬೆಟ್ಟದ ಸಾಲು. ಕಂಡಕ್ಟರನ್ನು ಮಿಂಡೊರೊ ತನಕ ‘ಕುಯಾ’ ಅಂದಿರಿ, ಇಲ್ಲಿ ‘ನೊಂಗ್’ ಅನ್ನಿ (ಎರಡೂ ಅಣ್ಣ ಅಂತಲೇ), ಮುಖ ಅರಳುತ್ತದೆ.

ಪಂದಾನ್‌ನಲ್ಲಿ ಮಲುಂಪಾತಿ ಎಂಬ ತಣ್ಣೀರಿನ ಚಿಲುಮೆಯಿದೆ, ರಾತ್ರಿ ಪ್ರಯಾಣದ ಜಡ ಬಿಡಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಮುಂದೆ ಕುಲಾಸಿ, ಪನಾಯ್‌ನ ಅತಿ ಎತ್ತರದ ಮಜಾಸ್ ಪರ್ವತದ ಬುಡದಲ್ಲಿದೆ. ಎದುರಿನ ಮರಾರಿಸನ್ ದ್ವೀಪಕ್ಕೆ ದಂಡೆಯಿಂದ ಪುಟ್ಟ ದೋಣಿ ಹೋಗುತ್ತದೆ. ಅಲೆ ಜೋರಾಗಿರುವ ಹಬಾಗಾತ್ ತಿಂಗಳುಗಳಲ್ಲಿ ಬೇಡ. ಉಳಿದ ಕಾಲದಲ್ಲಿ ಬೆಳಗ್ಗೆ ಹೋಗಿ ಮಧ್ಯಾಹ್ನದೊಳಗೆ ಮರಳಿ.

ನನಗೆ ಎಲ್ಲಕ್ಕಿಂತ ಇಷ್ಟ ತಿಬಿಯಾವ್. ಇಲ್ಲಿ ಕಬ್ಬಿನ ಹಾಲು ಕಾಯಿಸಿ ಕಂದು ಸಕ್ಕರೆ ಮಾಡುತ್ತಿದ್ದ ದೊಡ್ಡ ಕೊಪ್ಪರಿಗೆಗಳು ಈಗ ಸ್ನಾನಕ್ಕೆ ಬಂದಿವೆ. ಕಾವಾ ಅನ್ನುತ್ತಾರೆ. ಕೆಳಗೆ ಸೌದೆ ಉರಿ ಹಾಕಿ ನೀರು ಬೆಚ್ಚಗಾದ ಮೇಲೆ ಎಲೆ, ಹೂವು ತೇಲಿಬಿಡುತ್ತಾರೆ. ಉರಿ ಇಳಿಸಿದ ಮೇಲೂ ತಳದ ಲೋಹ ಸುಡುತ್ತಿರುತ್ತದೆ, ಹಲಗೆಯೋ ಕಲ್ಲೋ ಇಟ್ಟಿದ್ದರೆ ಅದರ ಮೇಲೇ ಕೂರಿ, ಕಾಲು ಬದಿಗೆ ಚಾಚಬೇಡಿ. ಪಕ್ಕದಲ್ಲಿ ನದಿ ಕಲ್ಲಿಗೆ ಬಡಿದು ಓಡುತ್ತಿರುತ್ತದೆ. ಬಿಸಿಯಲ್ಲಿ ಅರ್ಧ ಗಂಟೆ, ಆಮೇಲೆ ನದಿಯಲ್ಲಿ ಒಂದು ಮುಳುಗು. ಹೊರಡುವಾಗ ಮಸ್ಕೊವಾಡೊ ಸಕ್ಕರೆ ಒಂದು ಪೊಟ್ಟಣ ಕೊಳ್ಳಿ.

ಸಾನ್ ಹೊಸೆಯಲ್ಲಿ ಬಸ್ಸು ಬದಲಿಸಬೇಕಾಗಬಹುದು. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಸಾನ್ ಹೊವಾಕಿನ್, ಅದು ದಾಟಿದರೆ ಮಿಯಗಾವ್.

ಊರು ತಲುಪಿದ ಮೇಲೆ

ಮೊದಲು ಇಗರ್ಜಿ. 1797ರಲ್ಲಿ ಕಟ್ಟಿ ಮುಗಿಸಿದ್ದು, 1993ರಿಂದ ವಿಶ್ವ ಪರಂಪರೆಯ ತಾಣ. ಕಡಲ ದಾಳಿಕೋರರಿಂದ ಊರು ಕಾಯಲೆಂದು ಕೋಟೆಯ ಹಾಗೆ ದಪ್ಪ ಗೋಡೆ ಎಬ್ಬಿಸಿದ್ದಾರೆ, ಎರಡು ಗೋಪುರಗಳು ಒಂದರಂತೆ ಒಂದಿಲ್ಲ. ಸಂಜೆ ನಾಲ್ಕೂವರೆಯ ನಂತರ ಎದುರಿನ ಬಯಲಿನಲ್ಲಿ ನಿಂತು ಮುಂಗೋಡೆಯ ಮೇಲ್ಭಾಗ ನೋಡಿ. ಸಂತ ಕ್ರಿಸ್ಟೊಫರ್ ಬಾಲಯೇಸುವನ್ನು ಹೆಗಲ ಮೇಲೆ ಕೂರಿಸಿಕೊಂಡು ತೆಂಗಿನ ಮರ ಹಿಡಿದು ನಿಂತಿದ್ದಾನೆ. ಅಕ್ಕಪಕ್ಕ ಪರಂಗಿ, ಸೀಬೆ ಗಿಡಗಳು. ಕೆತ್ತಿದವರು ತಮ್ಮ ಹಿತ್ತಲನ್ನೇ ದೇವರ ಗೋಡೆಗೆ ಏರಿಸಿದ್ದಾರೆ. ಹಳದಿ ಕಲ್ಲಿಗೆ ಇಳಿಬಿಸಿಲು ಬಿದ್ದಾಗ ಒಂದೊಂದು ಎಲೆಯೂ ಎದ್ದು ಕಾಣುತ್ತದೆ.

ಯಾರದಾದರೂ ಮನೆಗೆ ಹೋಗುತ್ತಿದ್ದರೆ, ಒಳಗೆ ಕಾಲಿಟ್ಟೊಡನೆ ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳಿ. ತಂದದ್ದನ್ನು ಆಮೇಲೆ ಕೊಡಿ. ಊಟ ಬೇಡ ಅನ್ನಬೇಡಿ. ನಮ್ಮ ನಾನಾಯ್, ಅಂದರೆ ಅಮ್ಮ, ಕಾದಿಯೋಸ್ ಮಾಡಿರುತ್ತಾಳೆ: ತೊಗರಿಕಾಳು, ಎಳೆ ಹಲಸಿನಕಾಯಿ, ಹಂದಿಮಾಂಸ, ಹುಳಿಗೆ ಬತ್ವಾನ್ ಕಾಯಿ. ತೊಗರಿಯಿಂದ ಸಾರು ಕಪ್ಪು ನೇರಳೆಗೆ ತಿರುಗಿರುತ್ತದೆ, ನೋಡಿ ಹಿಂಜರಿಯಬೇಡಿ. ಅನ್ನಕ್ಕೆ ಕಲಸಿ ಒಂದು ತುತ್ತು ತಿಂದರೆ ಎರಡನೇ ಸಲ ನೀವೇ ಬಡಿಸಿಕೊಳ್ಳುತ್ತೀರಿ. ಕನಿಷ್ಠ ಮೂರು ದಿನವಾದರೂ ಇರಿ. ಮೊದಲ ದಿನ ನಿದ್ದೆಗೇ ಹೋಗುತ್ತದೆ, ಎರಡನೇ ದಿನ ನೆಂಟರಿಗೆ. ಹಬ್ಲೋನ್ ಬಟ್ಟೆ ನೇಯುವವರ ಮಗ್ಗದ ಮುಂದೆ ಕೂರಲು, ಕಡಲತೀರದಲ್ಲಿ ಸುಮ್ಮನೆ ನಡೆಯಲು ಮೂರನೆಯದೇ ಬೇಕು.

ಮರಳುವಾಗ ಜೀಪಿನಂಥ ಬಾಡಿಗೆ ವಾಹನ ಜೀಪ್ನಿ ಹಿಡಿದು ಮೋಹೊನ್ ಟರ್ಮಿನಲ್‌ಗೆ, ಅಲ್ಲಿಂದ ನಗರಕ್ಕೆ, ನಗರದಿಂದ ಕಬತ್ವಾನ್‌ನ ವಿಮಾನ ನಿಲ್ದಾಣಕ್ಕೆ ವ್ಯಾನು. ವಿಮಾನಕ್ಕೆ ನಾಲ್ಕು ಗಂಟೆ ಮೊದಲೇ ಮನೆ ಬಿಡಿ. ಮನೆಯವರು ಒಣಮೀನು ಕೊಟ್ಟೇ ಕೊಡುತ್ತಾರೆ. ಅದನ್ನು ಕಾಗದದಲ್ಲಿ ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಚೆಕ್ ಇನ್ ಸಾಮಾನಿಗೆ ಹಾಕಿ. ಗರಿಗರಿಯಾಗಿ ಸುಟ್ಟ ಬ್ರೆಡ್ಡು ಬಿಸ್ಕೋಚೊ ಮಾತ್ರ ಕೈಚೀಲದಲ್ಲಿರಲಿ, ಕೆಳಗೆ ಹಾಕಿದರೆ ಪುಡಿಯಾಗುತ್ತದೆ.