ರೂಪ ಬದಲಿಸುವ ರೋಬೋಟ್ ಆಟಿಕೆಯನ್ನು ನಾನು ಅಳೆಯುವ ಬಗೆ

ಸಿನಿಮಾ ಆಧರಿಸಿದ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳನ್ನು ಹಲವು ವರ್ಷಗಳಿಂದ ಕೊಂಡು, ಬಿಚ್ಚಿ, ಮಡಚಿ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುತ್ತ ಬಂದಿದ್ದೇನೆ. ಇಂಥ ಆಟಿಕೆಯ ಗುಣ ಸರಿಯಾಗಿ ತಿಳಿಯುವುದು ಎರಡು ರೂಪಗಳ ನಡುವೆ, ಅದು ಕೈಯಲ್ಲಿ ಅರ್ಧ ಬಿಚ್ಚಿಕೊಂಡಿರುವಾಗ ಎಂಬುದು ನನಗೆ ಮನವರಿಕೆಯಾಗಿದೆ. ಡಬ್ಬಿಯ ಮೇಲಿನ ಚಿತ್ರಗಳು ವಾಹನವನ್ನೂ ರೋಬೋಟನ್ನೂ ತೋರಿಸುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ನಾವೇ ನಡೆದು ನೋಡಬೇಕು.

ಈ ದಾರಿ ಕಷ್ಟದ್ದಾಗಿರುವುದಕ್ಕೆ ಕಾರಣ ಸಿನಿಮಾದಲ್ಲೇ ಇದೆ. 1984ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿಯು ಜಪಾನಿನ ಟಕಾರಾ ತಯಾರಿಸಿದ್ದ ಆಟಿಕೆಗಳನ್ನು ಈ ಹೆಸರಿನಲ್ಲಿ ಮಾರತೊಡಗಿದಾಗ ಆಟಿಕೆ ಮೊದಲು ಹುಟ್ಟಿತ್ತು, ಕಥೆ ಆಮೇಲೆ ಬಂತು. 2007ರಲ್ಲಿ ಬಂದ ಮೈಕೆಲ್ ಬೇ ನಿರ್ದೇಶನದ ಸಿನಿಮಾದಲ್ಲಿ ಈ ಕ್ರಮ ತಿರುವುಮುರುವಾಯಿತು. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂಬ ದೃಶ್ಯಪರಿಣಾಮ ಸಂಸ್ಥೆಯವರು ಕಂಪ್ಯೂಟರಿನಲ್ಲಿ ಕಟ್ಟಿದ, ಲಾರಿಯಾಗಿ ಮಾರ್ಪಡುವ ನಾಯಕ ರೋಬೋಟ್ ಆಪ್ಟಿಮಸ್ ಪ್ರೈಮ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಿಡಿಭಾಗಗಳಿದ್ದವು. ರೋಬೋಟಿನ ಗಾತ್ರಕ್ಕೆ ತಕ್ಕಷ್ಟು ಮೈ ಇರಲೆಂದು ಹಳೆಯ ಚಪ್ಪಟೆ ಮೂತಿಯ ಲಾರಿಯನ್ನು ಬಿಟ್ಟು ಉದ್ದ ಮೂತಿಯ ಪೀಟರ್‌ಬಿಲ್ಟ್ 379 ಲಾರಿಯನ್ನು ಆರಿಸಿಕೊಂಡರೂ, ಪರದೆಯ ಮೇಲೆ ಯಾವ ತಗಡು ಎಲ್ಲಿಂದ ಹೊರಟು ಎಲ್ಲಿ ಸೇರಿತು ಎಂದು ಕಣ್ಣಿನಿಂದ ಹಿಂಬಾಲಿಸುವುದು ಬಹುಮಟ್ಟಿಗೆ ಆಗದ ಮಾತು. ಹತ್ತು ಸಾವಿರ ಭಾಗಗಳ ಆ ಭ್ರಮೆಯನ್ನು ಕೆಲವೇ ಕೆಲವು ಪ್ಲಾಸ್ಟಿಕ್ ತುಂಡುಗಳಲ್ಲಿ ಹಿಡಿದಿಡಬೇಕಾದ ವಿನ್ಯಾಸಕಾರನು ಎಲ್ಲೋ ಒಂದು ಕಡೆ ಬಿಟ್ಟುಕೊಡಲೇಬೇಕಾಗುತ್ತದೆ. ಅವನು ಏನನ್ನು ಉಳಿಸಿಕೊಂಡ, ಏನನ್ನು ಬಿಟ್ಟ ಎಂಬುದನ್ನು ಗುರುತಿಸುವುದೇ ನನ್ನ ಪರೀಕ್ಷೆಯ ತಿರುಳು.

ಹೊಸ ಆಟಿಕೆ ಕೈಗೆ ಬಂದಾಗ ನಾನು ಮೊದಲು ಅದನ್ನು ವಾಹನದ ರೂಪದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಯುತ್ತೇನೆ. ಓರೆ ಬೆಳಕಿನಲ್ಲಿ ಪ್ಯಾನೆಲ್‌ಗಳ ನಡುವಿನ ಸಂದುಗಳು, ಒಂದು ಅಂಚು ಇನ್ನೊಂದಕ್ಕಿಂತ ತುಸು ಎದ್ದಿರುವುದು, ಬಣ್ಣದ ವ್ಯತ್ಯಾಸ ಎಲ್ಲವೂ ಎದ್ದು ಕಾಣುತ್ತವೆ. ಹಳದಿ ಕಾರುಗಳಲ್ಲಿ ಈ ಕೊನೆಯ ದೋಷ ಹೆಚ್ಚು. ಕಿಟಕಿಯ ಗಾಜಿಗಾಗಿ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ ಛಾವಣಿಗೆ ಮೇಲಿಂದ ಹಳದಿ ಬಣ್ಣ ಬಳಿದಿರುತ್ತಾರೆ, ಪಕ್ಕದ ಬಾಗಿಲು ಮಾತ್ರ ಮೈಯಲ್ಲೇ ಹಳದಿಯಾದ ಪ್ಲಾಸ್ಟಿಕ್ಕಿನದಾಗಿರುತ್ತದೆ. ಎರಡು ಹಳದಿಗಳೂ ಅಕ್ಕಪಕ್ಕ ಬಂದಾಗ ಒಂದು ಮಂಕಾಗಿ ತೋರುತ್ತದೆ. ಬಣ್ಣ ಬಳಿದ ಭಾಗ ಪ್ರತಿಸಲ ಮಡಚುವಾಗಲೂ ಇನ್ನೊಂದಕ್ಕೆ ಉಜ್ಜುವಂತಿದ್ದರೆ ಕೆಲವೇ ತಿಂಗಳಲ್ಲಿ ಅಲ್ಲಿ ಗೀರು ಬೀಳುವುದು ಖಂಡಿತ. ಅದನ್ನು ನಾನು ಬಣ್ಣದ ದೋಷವೆಂದು ಎಣಿಸದೆ ರಚನೆಯ ದೋಷವೆಂದೇ ಎಣಿಸುತ್ತೇನೆ.

ಆಮೇಲೆ ರೂಪಾಂತರ. ಮೊದಲ ಸಲ ಸೂಚನಾ ಹಾಳೆಯನ್ನು ಮುಂದಿಟ್ಟುಕೊಂಡು ನಿಧಾನವಾಗಿ ಮಾಡುತ್ತೇನೆ, ಮುಂದಿನ ಸಲ ಹಾಳೆಯನ್ನು ಮಡಚಿಟ್ಟು ಪ್ರಯತ್ನಿಸುತ್ತೇನೆ. ಒಳ್ಳೆಯ ವಿನ್ಯಾಸದಲ್ಲಿ ಒಂದು ಹೆಜ್ಜೆ ಮುಗಿದ ಕೂಡಲೇ ಮುಂದಿನ ಹೆಜ್ಜೆಗೆ ಜಾಗ ತೆರೆದುಕೊಳ್ಳುತ್ತದೆ, ಆದ್ದರಿಂದ ಹಾಳೆಯಿಲ್ಲದೆಯೂ ಕೈ ಮುಂದುವರಿಯುತ್ತದೆ. ಕೆಟ್ಟ ವಿನ್ಯಾಸದಲ್ಲಿ ನಾಲ್ಕೈದು ಪ್ಯಾನೆಲ್‌ಗಳನ್ನು ಏಕಕಾಲಕ್ಕೆ ಹಿಡಿದು ಒತ್ತಬೇಕಾಗುತ್ತದೆ. ಒಂದು ಗೂಟ ರಂಧ್ರದಲ್ಲಿ ಕೂತಿತು ಎನ್ನುವಷ್ಟರಲ್ಲಿ ಎದುರು ಬದಿಯ ಗೂಟ ಕಿತ್ತು ಬರುತ್ತದೆ. ಹೆಜ್ಜೆಗಳು ಎಷ್ಟಿವೆ ಎಂಬುದು ನನಗೆ ಮುಖ್ಯವಲ್ಲ. 2009ರ ಸಿನಿಮಾಕ್ಕಾಗಿ ಬಂದ, ಲೀಡರ್ ಎಂಬ ದೊಡ್ಡ ಗಾತ್ರದ ದರ್ಜೆಯ ಆಪ್ಟಿಮಸ್ ಪ್ರೈಮ್ ಬಹಳ ಜಟಿಲವಾದದ್ದು, ಮೊದಲ ಸಲ ಮಡಚುವವರಿಗೆ ಸಾಕಷ್ಟು ಹೊತ್ತು ಹಿಡಿಯುವಂಥದ್ದು. ಹಾಗಿದ್ದರೂ ಲಾರಿಯ ಮೈ ಹೇಗೆ ರೋಬೋಟಿನ ಮೈಯಾಗುತ್ತದೆ ಎಂಬುದಕ್ಕೆ ಅದರಲ್ಲಿ ಒಂದು ತರ್ಕವಿರುವುದರಿಂದಲೇ ಸಂಗ್ರಾಹಕರು ಇಂದಿಗೂ ಅದನ್ನು ಗೌರವದಿಂದ ನೆನೆಯುತ್ತಾರೆ ಎಂದು ನನ್ನ ಭಾವನೆ.

ಹೀಗೆ ಮಡಚುವಾಗಲೇ ನಾನು ಎದೆಯನ್ನು ಗಮನಿಸುತ್ತೇನೆ. ಆಪ್ಟಿಮಸ್‌ನ ಎದೆಯಲ್ಲಿ ಕಾಣುವ ಗಾಜುಗಳು ಲಾರಿಯ ಮುಂಗಾಜುಗಳೇ ಆಗಿವೆಯೇ, ಅಥವಾ ನಿಜವಾದ ಗಾಜು ಬೆನ್ನ ಹಿಂದೆ ಅಡಗಿಕೊಂಡು, ಎದೆಗೆಂದೇ ಬೇರೆ ಮಾಡಿದ ಹುಸಿ ಗಾಜು ಮುಂದೆ ಬಂದಿದೆಯೇ? ಹುಸಿ ಭಾಗ ಇರಲೇಬಾರದು ಎಂದು ನಾನು ಹಟ ಹಿಡಿಯುವುದಿಲ್ಲ. ಸಿನಿಮಾದ ರೋಬೋಟಿಗೆ ನಡು ಸಣ್ಣದು, ಎದೆ ಅಗಲ. ಅಳತೆ ಸರಿಹೊಂದಿಸಲು ಕೆಲವೊಮ್ಮೆ ಬೇರೆ ದಾರಿಯೇ ಇರುವುದಿಲ್ಲ. ಆದರೆ ಹುಸಿ ಎದೆ ಬಂದಾಗ ನಿಜವಾದ ಭಾಗಗಳೆಲ್ಲ ಬೆನ್ನಿನ ಮೇಲೆ ಮೂಟೆಯಾಗಿ ಕೂರುತ್ತವೆ. ಸಂಗ್ರಾಹಕರು ಕಿಬಲ್ ಎಂದು ಕರೆಯುವ ಈ ಹೆಚ್ಚುವರಿ ಹೊರೆ ಆಟಿಕೆಯನ್ನು ಹಿಂದಕ್ಕೆ ವಾಲಿಸುತ್ತದೆ. ಹಿಮ್ಮಡಿಯ ಆಧಾರವಿಲ್ಲದ ಪಾದಗಳಿದ್ದರಂತೂ ಅದು ನೆಟ್ಟಗೆ ನಿಲ್ಲುವುದೇ ಇಲ್ಲ. ಎದೆಯ ಸುಳ್ಳಿಗೆ ಬೆನ್ನು ಎಷ್ಟು ಬೆಲೆ ತೆತ್ತಿದೆ ಎಂದು ನೋಡಿ ಅಂಕ ಕಳೆಯುತ್ತೇನೆ.

ಈ ದೃಷ್ಟಿಯಿಂದ 2018ರ ಬಂಬಲ್‌ಬೀ ಸಿನಿಮಾದ ಆಟಿಕೆಗಳನ್ನು ಅಳೆಯುವುದು ನನಗೆ ವಿಶೇಷ ಸಂತೋಷದ ಕೆಲಸ. ಕಥೆ 1987ರಲ್ಲಿ ನಡೆಯುವುದರಿಂದ ರೋಬೋಟುಗಳ ಆಕಾರ ಮತ್ತೆ ಎಂಬತ್ತರ ದಶಕದ ಸರಳ, ದಪ್ಪ ಗೆರೆಗಳಿಗೆ ಮರಳಿತು, ಹಿಂದಿನ ಸಿನಿಮಾಗಳಲ್ಲಿ ಬಂಬಲ್‌ಬೀ ಎಂಬ ಹಳದಿ ರೋಬೋಟ್ ತಳೆಯುತ್ತಿದ್ದ ಕಾಮಾರೋ ಕಾರಿನ ರೂಪದ ಜಾಗಕ್ಕೆ ಫೋಕ್ಸ್‌ವ್ಯಾಗನ್ ಬೀಟಲ್ ಬಂತು. ಸರಳ ಆಕಾರ ಪ್ಲಾಸ್ಟಿಕ್ಕಿಗೆ ಒಗ್ಗುತ್ತದೆ, ನಿಜ. ಆದರೆ ಬೀಟಲ್‌ನ ಮೈ ಎಲ್ಲೆಡೆ ಗುಂಡಗಿರುವುದರಿಂದ ಸಂದುಗಳನ್ನು ಬಚ್ಚಿಡಲು ಅಂಚುಗಳೇ ಸಿಗುವುದಿಲ್ಲ. ಚೌಕ ಮೈಯ ಲಾರಿಯಲ್ಲಿ ಕ್ಷಮಿಸಿಬಿಡುವ ಕೂದಲೆಳೆಯಷ್ಟು ಸಂದು ಇಲ್ಲಿ ಛಾವಣಿಯ ಬಾಗನ್ನೇ ಒಡೆದು ತೋರಿಸುತ್ತದೆ.

ರೋಬೋಟ್ ರೂಪವನ್ನು ನೋಡುವಾಗ ನಾನು ಆಟಿಕೆಯನ್ನು ಮೇಜಿನ ಮೇಲಿಟ್ಟು ಮೇಲಿನಿಂದ ನೋಡುವುದಿಲ್ಲ. ಸಿನಿಮಾದ ಕ್ಯಾಮರಾ ಈ ದೈತ್ಯರನ್ನು ಹೆಚ್ಚಾಗಿ ನೆಲದ ಮೇಲೆ ನಿಂತ ಮನುಷ್ಯನ ಕಣ್ಣಿನಿಂದ, ಅಂದರೆ ಕೆಳಗಿನಿಂದ ನೋಡುತ್ತದೆ. ಆದ್ದರಿಂದ ಆಟಿಕೆಯನ್ನು ಕಣ್ಣಿಗಿಂತ ಎತ್ತರದ ಕಪಾಟಿನಲ್ಲಿ ನಿಲ್ಲಿಸಿ, ಸಿನಿಮಾದ ಒಂದು ದೃಶ್ಯವನ್ನು ತಡೆಹಿಡಿದು ಎರಡನ್ನೂ ಹೋಲಿಸುತ್ತೇನೆ. ಮೇಲಿನಿಂದ ನೋಡಿದಾಗ ತಲೆ ದೊಡ್ಡದು, ಕಾಲು ಗಿಡ್ಡ ಎನಿಸಿದ ಎಷ್ಟೋ ಆಟಿಕೆಗಳು ಹೀಗೆ ನಿಲ್ಲಿಸಿದಾಗ ಸರಿಯಾಗಿ ಕಂಡಿವೆ.

ಅಳತೆಯ ವಿಷಯಕ್ಕೆ ಬಂದರೆ, 2018ರಲ್ಲಿ ಆರಂಭವಾದ ಸ್ಟುಡಿಯೋ ಸೀರೀಸ್ ಸಾಲು ದೊಡ್ಡ ಉಪಕಾರ ಮಾಡಿತು. ಅದಕ್ಕೂ ಹಿಂದೆ ಡಿಲಕ್ಸ್, ವಾಯೇಜರ್, ಲೀಡರ್ ಎಂಬ ದರ್ಜೆಗಳು ಮುಖ್ಯವಾಗಿ ಬೆಲೆಯ ದರ್ಜೆಗಳಾಗಿದ್ದವು, ಒಂದೇ ಪಾತ್ರ ಎಲ್ಲ ಗಾತ್ರಗಳಲ್ಲೂ ಬರುತ್ತಿತ್ತು. ಸ್ಟುಡಿಯೋ ಸೀರೀಸ್‌ನಲ್ಲಿ ಸುಮಾರು 4.5 ಇಂಚಿನ ಡಿಲಕ್ಸ್ ಬಂಬಲ್‌ಬೀಯ ಪಕ್ಕ 6.5 ಇಂಚಿನ ವಾಯೇಜರ್ ಆಪ್ಟಿಮಸ್ ನಿಂತರೆ ಇಬ್ಬರ ಎತ್ತರದ ಅಂತರ ಸಿನಿಮಾವನ್ನು ನೆನಪಿಸುತ್ತದೆ. ಹೀಗಾಗಿ ಈ ಸಾಲಿನ ಆಟಿಕೆಯನ್ನು ಒಂಟಿಯಾಗಿ ಅಳೆದು ಮುಗಿಸುವುದು ನ್ಯಾಯವಲ್ಲ.

ಕೀಲುಗಳ ಬಗ್ಗೆ ನಾನು ತಕ್ಷಣ ತೀರ್ಪು ಕೊಡುವುದಿಲ್ಲ. ಡಬ್ಬಿಯಿಂದ ತೆಗೆದ ದಿನ ಎಲ್ಲ ಕೀಲುಗಳೂ ಬಿಗಿಯಾಗಿಯೇ ಇರುತ್ತವೆ. ಕೆಲವು ತಿಂಗಳು ಆಗಾಗ ಮಡಚಿ ಬಿಚ್ಚಿದ ಮೇಲೆ ಉಳಿದ ಬಿಗಿಯೇ ಲೆಕ್ಕಕ್ಕೆ ಬರುವ ಬಿಗಿ. ಭಾರ ಹೊರುವ ಸೊಂಟದಲ್ಲಿ ಕಟಕಟನೆ ಸದ್ದು ಮಾಡುತ್ತ ಹಂತಹಂತವಾಗಿ ತಿರುಗುವ ರ‍್ಯಾಚೆಟ್ ಇದ್ದರೆ ನನಗೆ ಸಮಾಧಾನ. ಗುಂಡು ಕುಳಿಯೊಳಗೆ ತಿರುಗುವ ಬಾಲ್ ಜಾಯಿಂಟ್ ಸಡಿಲಾದರೆ ಗುಂಡಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ಅನ್ನು ತೆಳುವಾಗಿ ಹಚ್ಚಿ, ಪೂರ್ತಿ ಒಣಗಿದ ನಂತರವೇ ಕೂರಿಸಿದರೆ ಬಿಗಿ ಮರಳುತ್ತದೆ. ಲೋಹದ ಪಿನ್ ಹಾಕಿದ ಕೀಲು ಸಡಿಲಾದರೆ ಮನೆಯಲ್ಲಿ ಇಷ್ಟು ಸುಲಭವಾಗಿ ಸರಿಪಡಿಸಲಾಗದು. ಆದ್ದರಿಂದ ಮೊದಲಿನದಕ್ಕೆ ಕಡಿಮೆ, ಎರಡನೆಯದಕ್ಕೆ ಹೆಚ್ಚು ಅಂಕ ಕಳೆಯುತ್ತೇನೆ.