ಪೋರ್ಟ್ ವೈನ್ ಕೊಳ್ಳೋರಿಗೆ, ಕೂಡಿಡೋರಿಗೆ: ಲೇಬಲ್ ಆಮೇಲೆ, ಮೊದ್ಲು ಬಾಟಲಿ ನೋಡಿ

ಒಂದೇ ಪೆಟ್ಟಿಗೇಲಿ ಬಂದ ಎರಡು ಬಾಟಲಿ, ಒಂದೇ ಕಂಪನಿ, ಎರಡೂ 1985ರ ವಿಂಟೇಜ್ ಪೋರ್ಟು. ಒಂದೇ ಸಂಜೆ ಅಕ್ಕಪಕ್ಕ ಇಟ್ಕೊಂಡು ತೆಗೆದೆ. ಮೊದಲನೇದನ್ನ ಗ್ಲಾಸಿಗೆ ಬಗ್ಗಿಸಿ ಮೂಗಿನ ಹತ್ರ ತಂದ್ರೆ ಮಳೇಲಿ ನೆಂದು ಮೂಲೇಲಿ ಬಿದ್ದಿರೋ ಗೋಣಿಚೀಲದ ಮುಗ್ಗಲು ವಾಸನೆ, ಅದರ ಹಿಂದೆ ಹಣ್ಣೂ ಇಲ್ಲ, ಏನೂ ಇಲ್ಲ. ಎರಡನೇದ್ರಲ್ಲಿ ಒಣ ಅಂಜೂರ, ಕಪ್ಪು ದ್ರಾಕ್ಷಿ, ಸ್ವಲ್ಪ ಮೆಣಸಿನ ಘಾಟು, ನುಂಗಿ ಒಂದು ನಿಮಿಷ ಆದ್ರೂ ರುಚಿ ನಾಲಿಗೆ ಮೇಲೇ ಇತ್ತು. ಹೊರಗಿಂದ ನೋಡಿದ್ರೆ ಎರಡಕ್ಕೂ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ. ಅವತ್ತು ಮೊದಲನೇದು ಮಾತ್ರ ತೆಗೆದಿದ್ರೆ "ಈ ಕಂಪನಿ ಸರಿ ಇಲ್ಲ, ಆ ವರ್ಷ ಸರಿ ಇಲ್ಲ" ಅಂತ ಜೀವನಪೂರ್ತಿ ನಂಬ್ಕೊಂಡಿರ್ತಿದ್ದೆ. ಪೋರ್ಟು ಕೂಡಿಡೋಕೆ ಹೊರಟವರಿಗೆ ನಾನು ಮೊದಲು ಹೇಳೋದು ಇದೇ, ನೀವು ಕೊಳ್ತಿರೋದು ಒಂದು ಹೆಸರು ಒಂದು ವರ್ಷ ಅಲ್ಲ, ಆ ಒಂದು ಬಾಟಲಿ.

ಮೊದಲು ಇದು ಏನು ಅಂತ ಚಿಕ್ಕದಾಗಿ ಹೇಳಿಬಿಡ್ತೀನಿ. ಪೋರ್ಚುಗಲ್ಲಿನ ಉತ್ತರದಲ್ಲಿ ಡೌರೋ ನದಿ ಕಣಿವೆ ಇದೆ, 1756ರಲ್ಲೇ ಇಂತಿಂಥ ಜಾಗದ ದ್ರಾಕ್ಷಿಗೆ ಮಾತ್ರ ಪೋರ್ಟ್ ಅನ್ನೋ ಹೆಸರು ಅಂತ ಅಲ್ಲಿ ಗಡಿ ಹಾಕಿದ್ರು. ಟೂರಿಗಾ ನಾಸಿಯೊನಾಲ್, ಟೂರಿಗಾ ಫ್ರಾಂಕಾ, ಟಿಂಟಾ ರೊರಿಜ್ ಥರದ ದ್ರಾಕ್ಷಿ ತುಳಿದು, ರಸ ಹುಳಿಯೋಕೆ ಶುರುವಾಗಿ ಅರ್ಧ ಸಕ್ಕರೆ ಇನ್ನೂ ಉಳಿದಿರೋವಾಗ್ಲೇ ಅದಕ್ಕೆ 77 ಪರ್ಸೆಂಟಿನ ದ್ರಾಕ್ಷಿ ಸ್ಪಿರಿಟ್ ಸುರೀತಾರೆ, ಹುಳಿಯೋದು ಅಲ್ಲಿಗೇ ನಿಲ್ಲತ್ತೆ, ಅದಕ್ಕೇ ಸಿಹೀನೂ ಉಳಿಯತ್ತೆ, ಅಮಲೂ 20 ಪರ್ಸೆಂಟ್ ಆಸುಪಾಸು ಇರತ್ತೆ. ಹಳೇ ಲೆಕ್ಕ ಅಂದ್ರೆ 435 ಲೀಟರ್ ರಸಕ್ಕೆ 115 ಲೀಟರ್ ಸ್ಪಿರಿಟ್, ಒಟ್ಟು 550 ಲೀಟರಿನ ಒಂದು ಪೀಪಾಯಿ. ಅವರು ಅದನ್ನ 'ಪೀಪಾ' ಅಂತಾರೆ, ನಮ್ಮ ಪೀಪಾಯಿ ಅನ್ನೋ ಪದಾನೂ ಆ ಪೋರ್ಚುಗೀಸ್ ಮಾತಿಂದಾನೇ ಬಂದಿದ್ದು, ಅದು ಗೊತ್ತಾದ ದಿನ ನಂಗೆ ಯಾಕೋ ತುಂಬಾ ಖುಷಿಯಾಗಿತ್ತು.

ಇನ್ನು ಕೂಡಿಡೋ ವಿಷಯ. ಪೋರ್ಟಿನಲ್ಲಿ ಎರಡು ಜಾತಿ ಅಂತ ಇಟ್ಕೊಳ್ಳಿ, ಮರದಲ್ಲಿ ಹಳೇದಾಗೋದು ಒಂದು, ಬಾಟಲಿಯಲ್ಲಿ ಹಳೇದಾಗೋದು ಇನ್ನೊಂದು. ಟಾನಿ ಪೋರ್ಟು, ಅಂದ್ರೆ 10, 20, 30, 40 ವರ್ಷ ಅಂತ ಲೇಬಲ್ ಮೇಲೆ ಬರೆದಿರತ್ತಲ್ಲ ಅದು, ಪೀಪಾಯಿಯಲ್ಲೇ ಬೇಕಾದಷ್ಟು ಹಳೇದಾಗಿ, ಬಣ್ಣ ಇಳಿದು, ಬಾದಾಮಿ ಕ್ಯಾರಮೆಲ್ ರುಚಿ ಬಂದ್ಮೇಲೇ ಬಾಟಲಿಗೆ ಇಳಿಯೋದು, ಆಮೇಲೆ ಮನೇಲಿ ಇಟ್ಕೊಂಡು ಕಾದ್ರೆ ಲಾಭ ಏನೂ ಇಲ್ಲ. ಎಷ್ಟೋ ಜನ 20 ವರ್ಷದ ಟಾನಿ ತಂದು ಇನ್ನೂ 20 ವರ್ಷ ಇಟ್ರೆ 40 ಆಗತ್ತೆ ಅಂದ್ಕೋತಾರೆ, ಆಗಲ್ಲ, ತಾಜಾತನ ಕಳ್ಕೊಳ್ಳತ್ತೆ ಅಷ್ಟೇ. ಕೊಲ್ಯೇಟಾ ಅಂತ ಇನ್ನೊಂದಿದೆ, ಒಂದೇ ವರ್ಷದ ಟಾನಿ, ಕಮ್ಮಿ ಅಂದ್ರೂ 7 ವರ್ಷ ಮರದಲ್ಲಿ ಇದ್ದಿದ್ದು. ಇದರ ಲೇಬಲ್ ಮೇಲೆ ದೊಡ್ಡದಾಗಿ ವರ್ಷ ಇರೋದ್ರಿಂದ ಹೊಸಬರು ವಿಂಟೇಜ್ ಅಂತ ತಪ್ಪು ತಿಳ್ಕೊಂಡು ತರ್ತಾರೆ. ಕೊಲ್ಯೇಟಾ ಕೊಳ್ಳೋವಾಗ ಬೆಳೆ ವರ್ಷದ ಜೊತೆಗೆ ಬಾಟಲಿಗೆ ತುಂಬಿದ ವರ್ಷಾನೂ ಓದಿ, ಅದೂ ಬರೆದಿರ್ತಾರೆ, ಇತ್ತೀಚೆಗೆ ತುಂಬಿದ್ದಷ್ಟೂ ಒಳ್ಳೇದು.

ವರ್ಷಗಟ್ಲೆ ಕೂಡಿಡೋಕೆ ಅಂತಾನೇ ಇರೋದು ವಿಂಟೇಜ್ ಪೋರ್ಟು. ಕೊಯ್ಲಾದ ಎರಡರಿಂದ ಮೂರು ವರ್ಷದೊಳಗೆ ಸೋಸದೇ ಬಾಟಲಿಗೆ ತುಂಬಿಬಿಡ್ತಾರೆ, ಉಳಿದ ಜೀವನ ಎಲ್ಲ ಗಾಜಿನೊಳಗೆ. ಪ್ರತಿ ವರ್ಷ ಮಾಡಲ್ಲ, ಬೆಳೆ ಚೆನ್ನಾಗಿದೆ ಅನ್ಸಿದ್ರೆ ಮಾತ್ರ ಕಂಪನಿಯೋರು ಆ ವರ್ಷಾನ 'ಡಿಕ್ಲೇರ್' ಮಾಡ್ತಾರೆ, ಸಾಮಾನ್ಯವಾಗಿ 10 ವರ್ಷಕ್ಕೆ ಮೂರು ಸಲ. 1945, 1963, 1977, 1994, 2011 ಇವೆಲ್ಲ ಹೆಸರು ಮಾಡಿದ ವರ್ಷಗಳು, ಮತ್ತೆ 2016, 2017 ಎರಡು ವರ್ಷ ಸಾಲಾಗಿ ಬಹಳ ಕಂಪನಿಗಳು ಡಿಕ್ಲೇರ್ ಮಾಡಿದ್ರು, ಅದು ಅಪರೂಪ. ಇದು ಹದಕ್ಕೆ ಬರೋಕೇ 15–20 ವರ್ಷ ಬೇಕು, ಒಳ್ಳೇ ವರ್ಷದ್ದಾದ್ರೆ 50 ದಾಟಿದ್ರೂ ಗಟ್ಟಿಯಾಗೇ ಇರತ್ತೆ.

ಆದ್ರೆ ಶುರು ಮಾಡೋರು ನೇರ ಇಲ್ಲಿಗೆ ಧುಮುಕಬೇಡಿ ಅನ್ನೋದು ನನ್ನ ಅಭಿಪ್ರಾಯ. ಡಿಕ್ಲೇರ್ ಆಗದ ವರ್ಷದಲ್ಲಿ ಒಂದೇ ತೋಟದ ದ್ರಾಕ್ಷಿಯಿಂದ 'ಸಿಂಗಲ್ ಕಿಂಟಾ' ವಿಂಟೇಜ್ ಅಂತ ಬರತ್ತೆ, ಮಾಡೋ ರೀತಿ ಅದೇ, ಬೆಲೆ ಕಮ್ಮಿ, ಬೇಗ ಹದಕ್ಕೂ ಬರತ್ತೆ. ಇನ್ನೊಂದು ಎಲ್‌ಬಿವಿ, ಅಂದ್ರೆ ಲೇಟ್ ಬಾಟಲ್ಡ್ ವಿಂಟೇಜ್, ನಾಲ್ಕರಿಂದ ಆರು ವರ್ಷ ಆದ್ಮೇಲೆ ತುಂಬೋದು. ಇದರಲ್ಲಿ ಸೋಸಿದ್ದು, ಸೋಸದೇ ಇರೋದು ಎರಡೂ ಇದೆ, ಬಿರಡೆ ಕೈಯಲ್ಲೇ ತಿರುಗಿಸಿ ತೆಗೆಯೋ ಥರ ಇದ್ರೆ ಬಹುಪಾಲು ಸೋಸಿದ್ದು, ತಂದು ಕುಡೀರಿ, ಕೂಡಿಡಬೇಡಿ. ಉದ್ದ ಕಾರ್ಕ್ ಪೂರ್ತಿ ಒಳಗೆ ಹೊಡೆದಿದ್ದು, ಲೇಬಲ್ ಮೇಲೆ ಅನ್‌ಫಿಲ್ಟರ್ಡ್ ಅಂತ ಇದ್ರೆ ಕೆಲವು ವರ್ಷ ಇಡಬಹುದು. ಇವೆರಡರ ಮೇಲೆ ನಾಲಿಗೆ ಪಳಗಿಸ್ಕೊಂಡು ಆಮೇಲೆ ದೊಡ್ಡದಕ್ಕೆ ಹೋಗಿ.

ಈಗ ಬಾಟಲಿ ನೋಡೋದು ಹೇಗೆ. ಹಳೇ ಬಾಟಲಿ ಕೈಗೆ ಸಿಕ್ತು ಅಂದ್ರೆ ನಾನು ಮೊದಲು ನೋಡೋದು ವೈನ್ ಎಲ್ಲೀವರೆಗೆ ತುಂಬಿದೆ ಅಂತ. ಪೋರ್ಟ್ ಬಾಟಲಿ ಗಾಜು ಕಪ್ಪು, ಹಾಗೇ ನೋಡಿದ್ರೆ ಕಾಣಲ್ಲ, ಹಿಂದೆ ಟಾರ್ಚ್ ಹಿಡಿದು ನೆಟ್ಟಗೆ ನಿಲ್ಲಿಸಿ ನೋಡ್ಬೇಕು. 20–30 ವರ್ಷದ್ದಾದ್ರೆ ಮಟ್ಟ ಕತ್ತಿನೊಳಗೇ ಇರ್ಬೇಕು. 40–50 ದಾಟಿದ್ದು ಕತ್ತಿನ ಬುಡಕ್ಕೆ, ಅಥವಾ ಭುಜದ ಮೇಲಂಚಿಗೆ ಇಳಿದಿದ್ರೆ ಗಾಬರಿ ಬೇಡ, ಕಾರ್ಕಿನ ಮೂಲಕ ವರ್ಷಕ್ಕೆ ಒಂಚೂರು ಆವಿಯಾಗೋದು ಸಹಜ. ಭುಜದ ನಡುವಿಗೆ ಇಳಿದಿದೆ ಅಂದ್ರೆ ಅಷ್ಟೂ ಜಾಗಕ್ಕೆ ಗಾಳಿ ಬಂದು ಕೂತಿದೆ ಅಂತ ಅರ್ಥ, ಎಷ್ಟು ದೊಡ್ಡ ಹೆಸರಾದ್ರೂ ನಾನು ಕೈ ಹಾಕಲ್ಲ. ಇನ್ನೊಂದು ಮುಖ್ಯವಾದ್ದು, ಒಂದೇ ಪೆಟ್ಟಿಗೇಲಿ ಹನ್ನೊಂದು ಬಾಟಲಿ ಒಂದು ಮಟ್ಟದಲ್ಲಿದ್ದು ಒಂದು ಮಾತ್ರ ಇಳಿದಿದ್ರೆ ಆ ಒಂದರ ಕಾರ್ಕ್ ಕೆಟ್ಟಿದೆ, ಹನ್ನೆರಡೂ ಇಳಿದಿದ್ರೆ ಇಟ್ಟ ಜಾಗಾನೇ ಸರಿ ಇರಲಿಲ್ಲ.

ಆಮೇಲೆ ಮೂತಿ. ಕ್ಯಾಪ್ಸೂಲ್, ಅಂದ್ರೆ ಕಾರ್ಕಿನ ಮೇಲಿಂದ ಮೂತಿಗೆ ಸುತ್ತಿರೋ ಹೊದಿಕೆ, ಅದರ ಕೆಳಗೆ ಅಂಟಂಟು, ಒಣಗಿದ ಕೆಂಪು ಗೆರೆ ಇದ್ರೆ ಸೋರಿದೆ. ಬೆರಳಿಂದ ಒತ್ತಿ ನೋಡಿ, ಕಾರ್ಕ್ ಒಳಗೆ ಕುಸಿದಿದೆಯಾ ಅಥವಾ ಹೊರಗೆ ಉಬ್ಬಿದೆಯಾ, ಉಬ್ಬಿದ್ರೆ ಆ ಬಾಟಲಿ ಎಲ್ಲೋ ಬಿಸಿಲಿಗೆ ಬಿದ್ದಿದೆ, ಒಳಗಿನ ವೈನ್ ಹಿಗ್ಗಿ ಕಾರ್ಕನ್ನ ತಳ್ಳಿದೆ. ಲೇಬಲ್ ಹರಿದಿದ್ರೆ, ಬೂಷ್ಟು ಹಿಡಿದಿದ್ರೆ ಬೇಜಾರು ಮಾಡ್ಕೋಬೇಡಿ, ತೇವ ಇರೋ ನೆಲಮಾಳಿಗೇಲಿ ಇದ್ದ ಗುರುತು ಅದು, ವೈನಿಗೆ ಒಳ್ಳೇದೇ. ಬಾಟಲಿ ಮೇಲೆ ಒಂದು ಕಡೆ ಬಿಳಿ ಬಣ್ಣದ ಪಟ್ಟೆ ಬಳಿದಿದ್ರೆ ಅದು ಗಲೀಜಲ್ಲ, ಮಲಗಿಸೋವಾಗ ಈ ಕಡೆ ಮೇಲೆ ಬರಲಿ ಅಂತ ಹಾಕಿದ ಗುರುತು, ಗಷ್ಟು, ಅಂದ್ರೆ ಸೋಸದ ವೈನಿನಿಂದ ಕೆಳಗಿಳಿಯೋ ಚರಟ, ಯಾವಾಗ್ಲೂ ಒಂದೇ ಕಡೆ ಕೂರಲಿ ಅಂತ.

ಅಸಲಿ ಹೌದಾ ಅಂತ ನೋಡೋಕೆ ಬಾಟಲಿ ಕತ್ತಿನ ಮೇಲೆ ನಂಬರ್ ಇರೋ ಕಾಗದದ ಸೀಲ್ ಇರತ್ತೆ, ಪೋರ್ಚುಗಲ್ಲಿನ ಪೋರ್ಟ್ ವೈನ್ ಸಂಸ್ಥೆ ಐವಿಡಿಪಿ ಕೊಡೋದು. ಆದ್ರೆ ತುಂಬಾ ಹಳೇವಕ್ಕೆ ಇದನ್ನೇ ಹಿಡ್ಕೊಂಡು ಕೂರಬೇಡಿ, ಯಾಕಂದ್ರೆ 1970ರ ವಿಂಟೇಜ್‌ವರೆಗೂ ಎಷ್ಟೋ ಪೋರ್ಟು ಪೀಪಾಯಿಯಲ್ಲೇ ಇಂಗ್ಲೆಂಡಿಗೆ ಹೋಗಿ ಅಲ್ಲಿನ ವ್ಯಾಪಾರಿಗಳ ಕೈಲಿ ಬಾಟಲಿಗೆ ಇಳೀತಿತ್ತು. ಹಾಗಾಗಿ ಒಂದೇ ಕಂಪನಿಯ 1963 ಬೇರೆ ಬೇರೆಯವರು ತುಂಬಿದ್ದಾದ್ರೆ ರುಚಿಯಲ್ಲೂ ಬೇರೆ ಇರಬಹುದು. ಅಂಥವಕ್ಕೆ ನಿಜವಾದ ಸಾಕ್ಷಿ ಕಾರ್ಕ್, ಅದರ ಮೈಮೇಲೆ ಹೆಸರು ವರ್ಷ ಸುಟ್ಟು ಒತ್ತಿರ್ತಾರೆ, ಕ್ಯಾಪ್ಸೂಲ್ ಸ್ವಲ್ಪ ಹರಿದಿದ್ರೆ ಗಾಜಿನ ಮೂಲಕ ಒಂದೆರಡು ಅಂಕಿ ಓದ್ಬಹುದು.

ಇಷ್ಟೆಲ್ಲ ನೋಡಿದ್ರೂ ಹೊರಗಿಂದ ಕಾಣದೇ ಇರೋ ದೋಷ ಒಂದಿದೆ, ನನ್ನ 1985ಕ್ಕೆ ಆಗಿದ್ದೂ ಅದೇ. ಟಿಸಿಎ ಅಂತಾರೆ, ಕಾರ್ಕಿನ ಮೇಲಿನ ಬೂಷ್ಟು ಕ್ಲೋರಿನ್ ಇರೋ ಕೆಲವು ರಾಸಾಯನಿಕಗಳ ಜೊತೆ ಸೇರಿದಾಗ ಹುಟ್ಟೋದು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ರೂ ಸಾಕು ಮೂಗಿಗೆ ಗೊತ್ತಾಗತ್ತೆ. ಕುಡಿದ್ರೆ ಆರೋಗ್ಯಕ್ಕೇನೂ ಆಗಲ್ಲ, ವೈನ್ ಮಾತ್ರ ಸತ್ತಂತೆ. ಜೋರಾಗಿದ್ರೆ ಒದ್ದೆ ರಟ್ಟು, ಮುಗ್ಗಲು ಗೋಣಿ, ಯಾರಿಗಾದ್ರೂ ತಿಳಿಯತ್ತೆ. ಮೋಸ ಮಾಡೋದು ಕಮ್ಮಿ ಇರೋವಾಗ, ಕೆಟ್ಟ ವಾಸನೆ ಅಂತ ಏನೂ ಬರಲ್ಲ, ಹಣ್ಣಿನ ಘಮ ಮಾತ್ರ ಮಂಕಾಗಿ, ರುಚಿ ಬಾಯಲ್ಲಿ ಪಟ್ ಅಂತ ನಿಂತುಬಿಡತ್ತೆ, ಕುಡಿದೋರು "ಇಷ್ಟೇನಾ, ಇದಕ್ಕೆ ಇಷ್ಟು ದುಡ್ಡಾ" ಅಂತ ವೈನನ್ನೇ ಬೈತಾರೆ. ಪಕ್ಕದಲ್ಲಿ ಅದೇ ವೈನಿನ ಇನ್ನೊಂದು ಬಾಟಲಿ ಇದ್ರೆ ಮಾತ್ರ ಇದು ಹಿಡಿಯೋಕೆ ಆಗೋದು, ಅದಕ್ಕೇ ಒಂದೊಂದೇ ಬಾಟಲಿ ಇಪ್ಪತ್ತು ಥರ ತರೋ ಬದಲು ಐದಾರು ಥರ ಆರಿಸ್ಕೊಂಡು ಒಂದೊಂದೂ ಮೂರು, ಆದ್ರೆ ಆರು ತಗೊಳ್ಳಿ. ಕಪಾಟು ಅಷ್ಟು ಚೆಂದ ಕಾಣಲ್ಲ, ಆದ್ರೆ ಒಂದು ಕೆಟ್ಟಿದ್ರೆ ನಿಮ್ಮ 20 ವರ್ಷದ ಕಾಯುವಿಕೆ ಪೂರ್ತಿ ನೀರುಪಾಲಾಗಲ್ಲ.

ಉಳಿದ ದೋಷಗಳು ಸುಲಭ. ವಿನೆಗರ್ ಅಥವಾ ನೈಲ್ ಪಾಲಿಶ್ ಅಳಿಸೋ ದ್ರವದ ವಾಸನೆ ಚುಚ್ಚಿದ್ರೆ ಹುಳಿ ಏರಿದೆ, ಹಳೇ ಪೋರ್ಟಿನಲ್ಲಿ ಒಂಚೂರು ಇದ್ರೆ ಪರವಾಗಿಲ್ಲ, ಕಣ್ಣುರಿಯೋಷ್ಟಿದ್ರೆ ಹೋಯ್ತು. ಹಣ್ಣು ಬೇಯಿಸಿ ಹಳಸಿದಂಗಿದ್ರೆ ಬಿಸಿ ತಾಗಿದೆ. ಇನ್ನು ದೋಷ ಅಲ್ಲದೇ ಇರೋದನ್ನ ದೋಷ ಅನ್ಕೋಬೇಡಿ, ಗಷ್ಟು, ಪುಡಿಯಾಗೋ ಕಾರ್ಕು, ತೆಗೆದ ತಕ್ಷಣ ಮೂಗಿಗೆ ಹೊಡೆಯೋ ಸ್ಪಿರಿಟ್ಟು, ಇವೆಲ್ಲ ಮಾಮೂಲಿ. ಮುಚ್ಚಿಟ್ಟ ವಾಸನೆ ಬಂದ್ರೂ ತಕ್ಷಣ ಚೆಲ್ಲಬೇಡಿ, ಎರಡು ಗಂಟೆ ಬಿಡಿ. ಬಾಟಲಿಯ ಹಳೇ ಗಾಳಿ ವಾಸನೆ ಆದ್ರೆ ಹೋಗತ್ತೆ, ಟಿಸಿಎ ಆದ್ರೆ ಹೊತ್ತು ಹೋದಷ್ಟೂ ಜಾಸ್ತಿ ಆಗತ್ತೆ.

ಎಲ್ಲಿ ಕೊಳ್ಳೋದು ಅನ್ನೋದಕ್ಕಿಂತ ಏನು ಕೇಳೋದು ಅನ್ನೋದು ಮುಖ್ಯ. ಇಷ್ಟು ದಿನ ಎಲ್ಲಿತ್ತು, ಎಷ್ಟು ಕೈ ಬದಲಾಗಿದೆ, ಮಲಗಿಸಿ ಇಟ್ಟಿದ್ರಾ ನಿಲ್ಲಿಸಿದ್ರಾ, ಕಾರ್ಕ್ ದೋಷ ಇದ್ರೆ ವಾಪಸ್ ತಗೋತೀರಾ. ಅಂಗಡಿಯ ಬೆಳಕಿನ ಕೆಳಗೆ ವರ್ಷಗಟ್ಲೆ ನಿಂತಿದ್ದ ಬಾಟಲಿ ನಂಗೆ ಬೇಡ, ಕಾರ್ಕ್ ಒಣಗಿರತ್ತೆ. ಹರಾಜಿನಲ್ಲಿ ಒಳ್ಳೇ ಹಳೇ ಪೋರ್ಟು ಸಿಗತ್ತೆ, ಆದ್ರೆ ಅಲ್ಲಿ ಸಾಮಾನ್ಯವಾಗಿ ಇದ್ದದ್ದು ಇದ್ದ ಹಾಗೆ ಅಂತ ಮಾರೋದು, ಕೆಟ್ಟಿದ್ರೆ ನಿಮ್ಮದೇ ಪಾಡು, ಕೂಗಿದ ಬೆಲೆ ಮೇಲೆ ಕಮಿಷನ್ನೂ ಬೀಳತ್ತೆ. ಹಾಗಾಗಿ ಪ್ರತಿ ಬಾಟಲಿಯ ಮಟ್ಟ ಕಾಣೋ ಥರ ಫೋಟೋ ಕೇಳಿ, ಕೊಡಲ್ಲ ಅಂದ್ರೆ ಬಿಟ್ಟುಬಿಡಿ. ಬೆಲೆ ಕೂಗೋವಾಗ್ಲೇ ಆರರಲ್ಲಿ ಒಂದು ಕೆಟ್ಟಿರಬಹುದು ಅಂತ ಲೆಕ್ಕ ಹಾಕಿ, ಐದಕ್ಕೇ ಆರರ ದುಡ್ಡು ಹಂಚಿದಾಗಲೂ ಸರಿ ಅನ್ಸಿದ್ರೆ ಮಾತ್ರ ಕೈ ಎತ್ತಿ.

ಮನೆಗೆ ತಂದ್ಮೇಲೆ ಕತ್ತಲು, ತಂಪು, ಅಲುಗಾಟ ಇಲ್ಲದ ಜಾಗ. 12–14 ಡಿಗ್ರಿ ಇದ್ರೆ ಬಹಳ ಒಳ್ಳೇದು, ಒಂದೆರಡು ಡಿಗ್ರಿ ಜಾಸ್ತಿ ಆದ್ರೂ ಏರಿಳಿತ ಆಗದೇ ಇದ್ರೆ ಸಾಕು, ಹಗಲು ಬಿಸಿ ರಾತ್ರಿ ತಂಪು ಅನ್ನೋದೇ ಕಾರ್ಕಿಗೆ ಶತ್ರು. ವಿಂಟೇಜ್ ಮಲಗಿಸಿ, ಟಾನಿ ನಿಲ್ಲಿಸಿ ಇಡಿ.

ತೆಗೆಯೋ ದಿನಕ್ಕೆ ಒಂದೆರಡು ದಿನ ಮುಂಚೆ ನಿಧಾನಕ್ಕೆ ಎತ್ತಿ ನಿಲ್ಲಿಸಿ, ಗಷ್ಟು ತಳಕ್ಕೆ ಇಳೀಲಿ. ಹಳೇ ಕಾರ್ಕ್ ಮುರಿದೇ ಮುರಿಯತ್ತೆ, ಪೋರ್ಟ್ ಬಾಟಲಿಯ ಕತ್ತು ನಡುವೆ ಸ್ವಲ್ಪ ಉಬ್ಬಿರೋದ್ರಿಂದ ಕಾರ್ಕ್ ಅಲ್ಲಿ ಹಿಗ್ಗಿ ಕೂತಿರತ್ತೆ. ಬಲವಂತ ಮಾಡ್ಬೇಡಿ, ಉಳಿದ ತುಂಡು ಒಳಗೆ ಬಿದ್ರೂ ಚಿಂತೆ ಇಲ್ಲ, ತೆಳ್ಳನೆ ಬಟ್ಟೇಲಿ ಸೋಸಿದ್ರಾಯ್ತು. ಬಾಟಲಿ ಕತ್ತಿನ ಹಿಂದೆ ದೀಪ ಇಟ್ಕೊಂಡು ಒಂದೇ ಸಮನೆ, ಕೈ ನಡುಗಿಸದೇ ಬಗ್ಗಿಸ್ತಾ ಹೋಗಿ, ಮೊದಲು ಹೊಗೆಯಂಥ ಎಳೆ ಬರತ್ತೆ, ಅದರ ಹಿಂದೇನೇ ಕಪ್ಪು ಗಷ್ಟು, ಹೊಗೆ ಕಂಡ ಕೂಡ್ಲೇ ನಿಲ್ಲಿಸಿ. ಡಿಕ್ಯಾಂಟರಿಗೆ, ಅಂದ್ರೆ ಬಡಿಸೋ ಗಾಜಿನ ಹೂಜಿಗೆ, ಸುರಿಯೋ ಮೊದಲೇ ಒಂದು ಗುಟುಕು ಗ್ಲಾಸಿಗೆ ಹಾಕಿ ಮೂಸಿ. ದೋಷ ಇದ್ರೆ ಅಲ್ಲೇ ನಿಲ್ಲಿಸಿ, ಮತ್ತೆ ಮುಚ್ಚಿ, ಕಾರ್ಕ್, ಬಿಲ್ಲು, ಉಳಿದ ವೈನ್ ಸಮೇತ ಕೊಟ್ಟವರ ಹತ್ರ ಹೋಗಿ, ಖಾಲಿ ಬಾಟಲಿ ಹಿಡ್ಕೊಂಡು ಹೋದ್ರೆ ಯಾರೂ ನಂಬಲ್ಲ. ಚೆನ್ನಾಗಿದ್ರೆ ವಿಂಟೇಜನ್ನ ಎರಡು ಮೂರು ದಿನದಲ್ಲಿ ಮುಗಿಸಿ, ಟಾನಿ ಫ್ರಿಜ್‌ನಲ್ಲಿ ಕೆಲವು ವಾರ ಇರತ್ತೆ.

ಮುಗಿದ ಬಾಟಲಿಯ ಕಾರ್ಕ್ ಎಸೀಬೇಡಿ. ನಾನು ಒಂದೊಂದಕ್ಕೂ ಚೀಟಿ ಕಟ್ಟಿ ಇಟ್ಟಿದೀನಿ, ಎಲ್ಲಿಂದ ಬಂತು, ಮಟ್ಟ ಎಲ್ಲಿತ್ತು, ಯಾವತ್ತು ತೆಗೆದೆ, ಹೇಗಿತ್ತು ಅಂತ. ಆ 1985ರ ಎರಡೂ ಕಾರ್ಕ್ ಒಂದೇ ದಾರದಲ್ಲಿವೆ, ಒಂದಕ್ಕೆ ಈಗಲೂ ಸಣ್ಣಗೆ ಮುಗ್ಗಲು ವಾಸನೆ ಇದೆ. ಅದೇ ಪೆಟ್ಟಿಗೇಲಿ ಇನ್ನೂ ನಾಲ್ಕು ಬಾಟಲಿ ಮಲಗಿವೆ.