ಎಚ್‌ಐವಿ ಮಾತ್ರೆ: ಬಾಯಲ್ಲಿ ಹೇಳಿ, ಕಾಗದದಲ್ಲೂ ಬರೆದುಕೊಡಿ

ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರಿನಲ್ಲಿ ಮೊದಲ ಸಲ ಮಾತ್ರೆ ಡಬ್ಬಿ ಕೈಗೆ ಬಂದಾಗ 'ಎಲ್ಲ ಗೊತ್ತಾಯ್ತಾ?' ಎಂದು ಕೇಳಿದರೆ ಯಾರೇ ಆದರೂ ಹೂಂ ಎನ್ನುತ್ತಾರೆ. ಅನುಮಾನ ಶುರುವಾಗುವುದು ಮನೆಗೆ ಹೋದ ಮೇಲೆ. ನೀವು ನರ್ಸ್ ಆಗಿರಿ, ಆಪ್ತಸಮಾಲೋಚಕರಾಗಿರಿ, ಇಲ್ಲಾ ಜೊತೆಗೆ ಬಂದ ಅಣ್ಣನೋ ಅಕ್ಕನೋ ಆಗಿರಿ, ಹೀಗೆ ಮಾಡಿ ನೋಡಿ.

ಮೊದಲು ಬಾಗಿಲು ಹಾಕಿ ಕೂರಿಸಿ. ಜೊತೆಗೆ ಬಂದವರಿಗೆ ವಿಷಯ ಗೊತ್ತಿದೆಯಾ ಅಂತ ರೋಗಿಯನ್ನೇ ಒಬ್ಬರಿರುವಾಗ ಕೇಳಿ. ಅವರ ಒಪ್ಪಿಗೆ ಇಲ್ಲದೆ ಬಾಯಿ ಬಿಡುವ ಹಾಗಿಲ್ಲ, 2017ರ ಎಚ್‌ಐವಿ ಕಾಯ್ದೆಯೂ ಗುಟ್ಟು ಕಾಯಬೇಕು ಎನ್ನುತ್ತದೆ.

ಆಮೇಲೆ ಮಾತ್ರೆ ಏನು ಮಾಡುತ್ತದೆ ಅಂತ ಹೇಳಿ. ಈಗ ಜಾಸ್ತಿ ಜನರಿಗೆ ಕೊಡುವುದು ಮೂರು ಔಷಧ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಟೆನೋಫೋವಿರ್, ಲ್ಯಾಮಿವುಡಿನ್, ಡೋಲುಟೆಗ್ರಾವಿರ್ ಎಂಬ ಹೆಸರುಗಳು ಮೊದಲ ದಿನವೇ ಬೇಡ. ನಾನು ಗರಿಕೆ ಹುಲ್ಲಿನ ಮಾತು ಹೇಳುತ್ತೇನೆ: ಮೇಲೆ ಕೊಯ್ದರೂ ಬೇರು ಮಣ್ಣಲ್ಲೇ ಇರುತ್ತದೆ, ಕೊಯ್ಯುವುದು ಬಿಟ್ಟರೆ ಮತ್ತೆ ಚಿಗುರುತ್ತದೆ. ವೈರಸ್ಸೂ ಹಾಗೇ. ಹೊಲ ಕಂಡವರಿಗೆ ಇಷ್ಟು ಸಾಕು.

'ರಾತ್ರಿ ಎಂಟಕ್ಕೆ' ಎನ್ನುವ ಬದಲು ಅವರ ದಿನಚರಿ ಕೇಳಿ. ಹಾಲು ಕರೆದ ಮೇಲೋ, ಗಾರ್ಮೆಂಟ್ಸ್ ಬಸ್ ಹತ್ತುವ ಮುಂಚೆಯೋ, ಅವರೇ ಆರಿಸಲಿ. ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಬೇಕು, ಆದರೆ ಒಟ್ಟಿಗೆ ಎರಡು ನುಂಗಬಾರದು.

ಈಗ ಅವರ ಬಾಯಿಂದ ಕೇಳಿ. 'ನಾಳೆ ಹೇಗೆ ತಗೋತೀರಿ, ನನಗೊಂದ್ಸಲ ಹೇಳಿ.' ತಪ್ಪಿದರೆ ನಾವು ಹೇಳಿದ್ದು ಸರಿಯಾಗಿಲ್ಲ ಎಂದರ್ಥ, ಇನ್ನೊಮ್ಮೆ ಹೇಳಿ.

ಬರೆಯುವುದು ಇದಾದ ಮೇಲೆ, ಅವರ ಎದುರಿಗೇ. ದಪ್ಪ ಅಕ್ಷರ, ಓದು ಬಾರದವರಿಗೆ ಸೂರ್ಯನದೋ ಚಂದ್ರನದೋ ಚಿತ್ರ, ಪಕ್ಕದಲ್ಲಿ ಒಂದು ಮಾತ್ರೆ. ಕಾಗದದ ಮೇಲೆ ಎಚ್‌ಐವಿ ಅಂತ ಬರೆಯಬೇಡಿ. ಆ ಪದ ಎದ್ದು ಕಾಣುತ್ತಿತ್ತು ಅಂತ ಒಬ್ಬ ತಾಯಿ ಚೀಟಿಯನ್ನು ಬಸ್ ಸ್ಟ್ಯಾಂಡಿನಲ್ಲೇ ಹರಿದು ಹಾಕಿದ್ದರು, ಅದರ ಜೊತೆ ಬೇಕಾದ ಮಾತುಗಳೂ ಹೋದವು. ಅವರು ಬಸುರಿ, ಚೀಟಿಯಲ್ಲಿದ್ದ ಮಾತುಗಳು ಇವು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಎಚ್‌ಐವಿ ಮಾತ್ರೆಯ ಜೊತೆ ನುಂಗಿದರೆ ಅದರಲ್ಲಿರುವ ಡೋಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟದ ಜೊತೆಯಾದರೆ ಎಲ್ಲ ಒಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಎಚ್‌ಐವಿ ಮಾತ್ರೆ ಅವುಗಳಿಗಿಂತ 2 ಗಂಟೆ ಮೊದಲು, ಅಥವಾ 6 ಗಂಟೆ ಬಿಟ್ಟು. ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್‌ಗೆ ಊಟವಿದ್ದರೂ ಈ ಅಂತರ ಬೇಕೇ ಬೇಕು. ಟಿಬಿ ಔಷಧ ಶುರುವಾದರೆ ಎಆರ್‌ಟಿ ಡಾಕ್ಟರಿಗೆ ತಕ್ಷಣ ಹೇಳಬೇಕು, ಡೋಸ್ ಬದಲಾಗಬಹುದು.

ಆರು ತಿಂಗಳಿಗೆ ವೈರಲ್ ಲೋಡ್ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ಪರೀಕ್ಷೆ, ಬರುತ್ತದೆ. 'ಪತ್ತೆಯಾಗಿಲ್ಲ' ಅಂತ ರಿಪೋರ್ಟ್ ಬಂದರೆ ಎಷ್ಟೋ ಜನ ವಾಸಿಯಾಯ್ತು ಅಂದುಕೊಂಡು ಮಾತ್ರೆ ಬಿಟ್ಟುಬಿಡುತ್ತಾರೆ! ಅದಕ್ಕೇ ಆ ದಿನ ಮತ್ತೆ ಕೂರಿಸಿ ಹೇಳಿ. ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿದೆ, ಹೀಗೇ ಇದ್ದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ, ನಿಜಕ್ಕೂ ಖುಷಿಪಡುವ ಸುದ್ದಿ. ಆದರೆ ಬೇರು ಇನ್ನೂ ಇದೆ, ನಾಳೆಯೂ ಮಾತ್ರೆ ಬೇಕು. ಇದನ್ನೂ ಅದೇ ಚೀಟಿಯಲ್ಲಿ ಬರೆದು, ಕೆಳಗೆ ಉಚಿತ ಸಹಾಯವಾಣಿ 1097 ಸೇರಿಸಿ ಕೊಡಿ.